ಆಷಾಢದ ಗಾಳಿ ಮತ್ತು ತಾರಸಿಯ ಆಂಟೆನಾ

ಪೈಪಿನ ಅಂಗಡಿಯಲ್ಲಿ ಒಂದೂವರೆ ಇಂಚು ಅಂದರೆ ಒಂದೂವರೆ ಇಂಚಲ್ಲ. ಮೊದಲ ಸಲ ತಾರಸಿಯ ಮೇಲೆ ಆಂಟೆನಾ ಏರಿಸಲು ಹೊರಟವರಿಗೆ ಇದು ಗೊತ್ತಾಗುವುದು ಬಹುಮಟ್ಟಿಗೆ ಭಾನುವಾರ ಮಧ್ಯಾಹ್ನ, ಅಂಗಡಿ ಬಾಗಿಲು ಹಾಕಿದ ಮೇಲೆ. ಆಂಟೆನಾ ಪೆಟ್ಟಿಗೆಯಲ್ಲಿ ಬಂದ ಕ್ಲಾಂಪು 38 ಮಿಲಿಮೀಟರ್ ಕಂಬದವರೆಗೆ ಹಿಡಿಯುತ್ತದೆ ಎಂದು ಬರೆದಿರುತ್ತದೆ. ಮೂವತ್ತೆಂಟು ಅಂದರೆ ಒಂದೂವರೆ ಇಂಚು ತಾನೇ ಎಂದು ಲೆಕ್ಕ ಹಾಕಿ ಒಂದೂವರೆ ಇಂಚಿನ ಜಿಐ ಪೈಪು ತಂದಾಗಿರುತ್ತದೆ. ಕ್ಲಾಂಪು ಪೈಪಿನ ಅರ್ಧಕ್ಕೇ ನಿಲ್ಲುತ್ತದೆ.

ನೀರಿನ ಪೈಪಿನ ಇಂಚು ಹೆಸರಿಗೆ ಮಾತ್ರ. ಅದು ಹೆಚ್ಚುಕಡಿಮೆ ಒಳಗಿನ ತೂತಿನ ಅಳತೆ. ಒಂದೂವರೆ ಇಂಚಿನ ಪೈಪನ್ನು ಹೊರಗಿನಿಂದ ಅಳೆದರೆ 48.3 ಮಿ.ಮೀ., ಒಂದೂಕಾಲು ಇಂಚಿನದು 42.4, ಎರಡು ಇಂಚಿನದು 60.3. ಕ್ಲಾಂಪಿಗೆ ಬೇಕಾದದ್ದು ಈ ಹೊರಗಿನ ಅಳತೆ. ಆದ್ದರಿಂದ ಅಂಗಡಿಗೆ ಹೋಗುವಾಗ ಕ್ಲಾಂಪನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಜಾಣತನ. ಪೈಪಿನ ಮೇಲಿನ ಬಣ್ಣದ ಪಟ್ಟಿಯನ್ನೂ ನೋಡಬೇಕು: ಹಳದಿ ಪಟ್ಟಿ ‘ಎ’ ಕ್ಲಾಸ್, ಅಂದರೆ ತೆಳು, ನೀಲಿ ‘ಬಿ’ ಕ್ಲಾಸ್, ಮಧ್ಯಮ, ಕೆಂಪು ‘ಸಿ’ ಕ್ಲಾಸ್, ದಪ್ಪ. ಮನೆಯ ಆಂಟೆನಾಕ್ಕೆ ನೀಲಿ ಪಟ್ಟಿಯದು ಸಾಕು. ವೈರಿಂಗಿಗೆ ಬಳಸುವ ಕಾಂಡ್ಯುಟ್ ಪೈಪು, ಪಿವಿಸಿ ಪೈಪು, ಹಳೆಯ ಪರದೆಯ ಕೋಲು ಇವುಗಳ ಗೊಡವೆ ಬೇಡ. ಅಗ್ಗವಾಗಿ ಸಿಗುತ್ತವೆ, ಅಷ್ಟೇ ಸುಲಭವಾಗಿ ಬಾಗುತ್ತವೆ.

ಮನೆಯ ಮೇಲೊಂದು ಆಂಟೆನಾ ನಿಲ್ಲಿಸುವುದು ಕನ್ನಡನಾಡಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ಹೊರಟದ್ದು ಅಲ್ಲಿಂದ. ಈಗ ತಾರಸಿಗೆ ಆಂಟೆನಾ ಏರಿಸುವವರು ಮುಖ್ಯವಾಗಿ ಹ್ಯಾಮ್ ರೇಡಿಯೊ ಹವ್ಯಾಸಿಗಳು. ಕೇಂದ್ರ ಸಂಪರ್ಕ ಖಾತೆಯ ಪರೀಕ್ಷೆ ಪಾಸು ಮಾಡಿ, ಪರವಾನಗಿಯ ಜೊತೆ ‘ವಿಯು’ ಅಕ್ಷರಗಳಿಂದ ಶುರುವಾಗುವ ಕರೆಸಂಕೇತ ಪಡೆದವರು ಮಾತ್ರ ಮಾತು ಪ್ರಸಾರ ಮಾಡಬಹುದು. ಇವರಲ್ಲಿ ಹೆಚ್ಚಿನವರು ಮೊದಲು ನಿಲ್ಲಿಸುವುದು ‘ಎರಡು ಮೀಟರ್’ ಎಂದು ಕರೆಯುವ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯ ಆಂಟೆನಾವನ್ನು. ಈ ಲೇಖನದ ಲೆಕ್ಕವೆಲ್ಲ ಅಂಥದೊಂದು ಆಂಟೆನಾದ್ದು: ಐದು ಕಡ್ಡಿಗಳ ಯಾಗಿ. ಟೀವಿಯ ಹಳೇ ಕಾಲದವರಿಗೆ ಇದನ್ನು ಬಣ್ಣಿಸಬೇಕಿಲ್ಲ. ಕಾಗೆ ಕೂತು ಬಾಗಿಸಿದ್ದು, ಕೋತಿ ಜೋತಾಡಿ ಮುರಿದದ್ದು, ‘ಈಗ ಬಂತಾ?’ ಎಂದು ತಾರಸಿಯಿಂದ ಕೂಗುತ್ತ ತಿರುಗಿಸಿದ್ದು ಇದೇ ಜಾತಿಯ ಆಂಟೆನಾವನ್ನು. ಜಪಾನಿನ ಹಿಡೆತ್ಸುಗು ಯಾಗಿ ಮತ್ತು ಶಿಂತಾರೊ ಉಡಾ 1926ರಲ್ಲಿ ಲೋಕಕ್ಕೆ ತೋರಿಸಿದ ವಿನ್ಯಾಸ ಅದು. ದುಡಿದವರು ಉಡಾ, ಹೆಸರು ಉಳಿದದ್ದು ಯಾಗಿಯದು.

ಅಂಥ ಆಂಟೆನಾದ ತೂಕ ಒಂದೂವರೆ ಕಿಲೋ ಇದ್ದರೆ ಹೆಚ್ಚು. ಕೈಯಲ್ಲಿ ಹಿಡಿದಾಗ ‘ಇದಕ್ಕೇನು ಮಹಾ ಕಂಬ’ ಅನ್ನಿಸುತ್ತದೆ. ಮೋಸ ಹೋಗುವುದು ಅಲ್ಲೇ. ಕಂಬದ ಮೇಲೆ ಕೂತ ಆಂಟೆನಾಕ್ಕೆ ತನ್ನ ತೂಕದಿಂದ ತೊಂದರೆಯಿಲ್ಲ. ಅದನ್ನು ಪಕ್ಕಕ್ಕೆ ನೂಕುವ ಗಾಳಿಯಿಂದ ತೊಂದರೆ.

ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಭಾರತೀಯ ಮಾನಕವೊಂದಿದೆ, ಐಎಸ್ 875ರ ಮೂರನೇ ಭಾಗ. ಅದರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಮಂಗಳೂರಿಗೆ 39 ಮೀಟರ್, ಗಂಟೆಗೆ 140 ಕಿ.ಮೀ. ದಿನಾ ಬೀಸುವ ಗಾಳಿಯಲ್ಲ ಇದು; ವರ್ಷಗಟ್ಟಲೆ ಕಾದು ಒಂದು ಸಂಜೆ ಕೆಲವೇ ಸೆಕೆಂಡು ಬಂದು ಹೋಗುವ ಬೀಸು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಬೆಂಗಳೂರಿನ ಆ ಬೀಸಿನಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 66 ಕಿಲೋ ಭಾರ ಬಿದ್ದರೆ ಮಂಗಳೂರಿನಲ್ಲಿ 93 ಕಿಲೋ. ವೇಗದಲ್ಲಿ ಆರು ಮೀಟರ್ ವ್ಯತ್ಯಾಸ, ಹೊರೆಯಲ್ಲಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಬೆಂಗಳೂರಿನ ಗೆಳೆಯನ ತಾರಸಿ ನೋಡಿಕೊಂಡು ಬಂದು ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ ಅದನ್ನೇ ನಕಲು ಮಾಡಿದರೆ ಸಾಲದು.

ಐದು ಕಡ್ಡಿಯ ಆಂಟೆನಾ, ಅದರ ಕೆಳಗಿನ ಮೂರು ಮೀಟರ್ ಪೈಪು ಎರಡೂ ಸೇರಿ ಗಾಳಿಗೆ ಒಡ್ಡುವ ಮೈ ಚಿಕ್ಕದೇ. ಬೆಂಗಳೂರಿನ ಲೆಕ್ಕದಲ್ಲಿ ಕಂಬದ ತುದಿಯನ್ನು ಹತ್ತು ಕಿಲೋ ಆಸುಪಾಸಿನ ಬಲ ಅಡ್ಡಕ್ಕೆ ಎಳೆದಂತೆ. ಹತ್ತು ಕಿಲೋ ಅಕ್ಕಿ ಚೀಲ ಯಾರು ಬೇಕಾದರೂ ಎತ್ತುತ್ತಾರೆ. ಆದರೆ ಮೂರು ಮೀಟರ್ ಉದ್ದದ ಹಾರೆಯ ತುದಿಗೆ ಅದೇ ಹತ್ತು ಕಿಲೋ ತೂಗುಹಾಕಿ ಇನ್ನೊಂದು ತುದಿಯನ್ನು ಹಿಡಿದು ನೋಡಿ.

ಗೋಡೆಯ ಮೇಲೆ ಕಂಬವನ್ನು ಹಿಡಿಯುವ ಎರಡು ಬ್ರಾಕೆಟ್ಟುಗಳ ಅಂತರ ಇಷ್ಟೊಂದು ಮುಖ್ಯವಾಗುವುದು ಇದರಿಂದಲೇ. ಮೇಲಿನ ಬ್ರಾಕೆಟ್ಟಿನಿಂದ ಮೂರು ಮೀಟರ್ ಎತ್ತರದಲ್ಲಿ ಹತ್ತು ಕಿಲೋ ಬಲ ಬಿತ್ತು ಎಂದಿಟ್ಟುಕೊಳ್ಳೋಣ. ಎರಡು ಬ್ರಾಕೆಟ್ಟುಗಳ ನಡುವೆ ಒಂದಡಿ, ಅಂದರೆ 30 ಸೆಂಟಿಮೀಟರ್ ಮಾತ್ರ ಅಂತರವಿದ್ದರೆ ಮೇಲಿನ ಬ್ರಾಕೆಟ್ಟು 110 ಕಿಲೋ ಎಳೆತ ತಡೆಯಬೇಕು. ಅದೇ ಬ್ರಾಕೆಟ್ಟುಗಳನ್ನು ಒಂದು ಮೀಟರ್ ದೂರ ಇಟ್ಟರೆ 40 ಕಿಲೋ ಸಾಕು. ಕಬ್ಬಿಣ ಬದಲಾಗಲಿಲ್ಲ, ಬೋಲ್ಟು ಬದಲಾಗಲಿಲ್ಲ, ಖರ್ಚು ಎಳ್ಳಷ್ಟೂ ಹೆಚ್ಚಲಿಲ್ಲ. ಆದರೂ ಹತ್ತಿರ ಹತ್ತಿರ ಎರಡು ಬ್ರಾಕೆಟ್ ಹೊಡೆದು ‘ಗಟ್ಟಿಯಾಗಿದೆ’ ಎಂದು ಪೈಪನ್ನು ಅಲ್ಲಾಡಿಸಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು.

ಇನ್ನು ಆ ಬ್ರಾಕೆಟ್ಟು ಕೂರುವ ಗೋಡೆ ಯಾವುದು? ಮೂವತ್ತು–ನಲವತ್ತು ಸೈಟಿನ ಒಂದು ಮಹಡಿ ಮನೆಯನ್ನು ಕಣ್ಣಮುಂದೆ ತಂದುಕೊಂಡರೆ ಮೇಲೆ ಸಿಗುವುದು ನಾಲ್ಕು ವಸ್ತು: ಸುತ್ತಲಿನ ಪ್ಯಾರಪೆಟ್ ಗೋಡೆ, ಮೆಟ್ಟಿಲು ಬಂದು ಸೇರುವ ಪುಟ್ಟ ಕೋಣೆ, ನೀರಿನ ಟ್ಯಾಂಕು, ಸೋಲಾರ್ ಹೀಟರು. ಟ್ಯಾಂಕಿನ ಸ್ಟ್ಯಾಂಡಿಗೋ ಸೋಲಾರಿನ ಕಾಲಿಗೋ ಕಂಬ ಬಿಗಿಯುವ ಆಸೆ ಎಲ್ಲರಿಗೂ ಬರುತ್ತದೆ. ಖಾಲಿಯಾದ ಪ್ಲಾಸ್ಟಿಕ್ ಟ್ಯಾಂಕೇ ಗಾಳಿಗೆ ಜಾಗ ಬಿಡುತ್ತದೆ. ಅದು ಇನ್ನೊಬ್ಬರನ್ನು ಹಿಡಿದು ನಿಲ್ಲಿಸುವುದು ಹೇಗೆ? ಪ್ಯಾರಪೆಟ್ ನೋಡಲು ಗಟ್ಟಿ. ಆದರೆ ಅದು ಬಹಳ ಕಡೆ ನಾಲ್ಕಿಂಚಿನ ಬ್ಲಾಕಿನ ಒಂಟಿ ಗೋಡೆ, ಮೇಲೆ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಅದರ ಅಂಚಿಗೆ ಹತ್ತಿರ ಡ್ರಿಲ್ ಮಾಡಿ ಆಂಕರ್ ಫಾಸ್ಟನರ್ ಬಿಗಿದರೆ ಮೂಲೆಯೇ ಸೀಳಿ ಬರಬಹುದು. ಉಳಿದದ್ದು ಮೆಟ್ಟಿಲ ಕೋಣೆ. ಅದಕ್ಕೆ ಮೇಲೆ ಚಾವಣಿಯ ಭಾರ ಇರುತ್ತದೆ, ಮೂಲೆಯಲ್ಲಿ ಕಾಂಕ್ರೀಟ್ ಪಿಲ್ಲರ್ ಇದ್ದರೆ ಇನ್ನೂ ಒಳ್ಳೆಯದು, ಎತ್ತರವೂ ಪುಕ್ಕಟೆ ಸಿಗುತ್ತದೆ.

ಪಿಲ್ಲರಿಗೆ ಅಥವಾ ಬೀಮಿಗೆ ಹತ್ತು ಮಿಲಿಮೀಟರಿನ ಆಂಕರ್ ಫಾಸ್ಟನರ್ ಸರಿ. ಇಟ್ಟಿಗೆ ಗೋಡೆಯಾದರೆ ಗೋಡೆಯ ಆಚೆಯವರೆಗೂ ತೂತು ಕೊರೆದು, ಉದ್ದದ ಬೋಲ್ಟು ಹಾಯಿಸಿ, ಆ ಕಡೆ ಅಂಗೈಯಗಲದ ಕಬ್ಬಿಣದ ಪ್ಲೇಟು ಕೊಟ್ಟು ನಟ್ಟು ಬಿಗಿಯುವುದು ನಂಬಿಕೆಯ ದಾರಿ. ಟೊಳ್ಳು ಬ್ಲಾಕಿನಲ್ಲಿ ಫಾಸ್ಟನರ್ ಹಿಡಿಯುವುದೇ ಇಲ್ಲ. ಬಿಗಿಯುವಾಗ ಹಿಡಿದಂತೆ ಅನ್ನಿಸಿ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ. ಪ್ಲಾಸ್ಟಿಕ್ ರಾಲ್‌ಪ್ಲಗ್ ಗೋಡೆ ಗಡಿಯಾರಕ್ಕೆ ಇರಲಿ.

ತಾರಸಿಯ ಸ್ಲ್ಯಾಬಿಗೆ ಮಾತ್ರ ಡ್ರಿಲ್ ಮುಟ್ಟಿಸಬಾರದು. ವಾಟರ್‌ಪ್ರೂಫಿಂಗ್ ಒಂದು ಕಡೆ ತೂತಾದರೆ ಸಾಕು, ಮುಂದಿನ ಮಳೆಗಾಲದಲ್ಲಿ ಕೆಳಗಿನ ಕೋಣೆಯ ಚಾವಣಿಯಲ್ಲಿ ಭೂಪಟ ಮೂಡುತ್ತದೆ. ಬಾಡಿಗೆ ಮನೆಯಲ್ಲಿ ಅಥವಾ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೂ ಕೈಹಚ್ಚುವಂತಿಲ್ಲ ಎಂದಾದರೆ ಅಗಲವಾದ ಕಬ್ಬಿಣದ ಚೌಕಟ್ಟು ಮಾಡಿಸಿ, ಕೆಳಗೆ ರಬ್ಬರ್ ಹಾಸು ಕೊಟ್ಟು, ಮೇಲೆ ಸಿಮೆಂಟಿನ ಸಾಲಿಡ್ ಬ್ಲಾಕ್ ಪೇರಿಸಬಹುದು. ಆರಿಂಚಿನ ಬ್ಲಾಕೊಂದು 25ರಿಂದ 30 ಕಿಲೋ ತೂಗುತ್ತದೆ. ಇಂಥ ನೆಲೆಗೆ ಎರಡು–ಮೂರು ಮೀಟರಿಗಿಂತ ಎತ್ತರದ ಕಂಬ ಬೇಡ. ಅಸೋಸಿಯೇಷನ್ನಿನ ಅನುಮತಿ ಬರವಣಿಗೆಯಲ್ಲಿ ಇರಲಿ.

ಮಲೆನಾಡು, ಕರಾವಳಿಯ ಹೆಂಚಿನ ಮನೆಯ ಮಾತು ಬೇರೆ. ಹೆಂಚಿನ ಮೇಲೆ ಏನನ್ನೂ ಕೂರಿಸುವಂತಿಲ್ಲ. ಅಲ್ಲಿ ಕಂಬ ನೆಲದಿಂದಲೇ ಏಳಬೇಕು. ಎರಡಡಿ ಗುಂಡಿ ತೋಡಿ, ಕಾಂಕ್ರೀಟಿನಲ್ಲಿ ತುಸು ದೊಡ್ಡ ಪೈಪಿನ ತುಂಡೊಂದನ್ನು ಹೂತು, ಅದರೊಳಗೆ ಕಂಬ ಇಳಿಸಿ, ಮೇಲೆ ಗೋಡೆಯ ತ್ರಿಕೋನ ಭಾಗಕ್ಕೆ ಬ್ರಾಕೆಟ್ ಕೊಟ್ಟರೆ ಬಲವಾಗಿ ನಿಲ್ಲುತ್ತದೆ. ಉದ್ದ ತಂತಿಯ ಆಂಟೆನಾ ಕಟ್ಟುವವರಿಗೆ ಅಡಿಕೆ, ತೆಂಗಿನ ಮರ ವರವೇ ಸರಿ. ಆದರೆ ಮರ ತೂಗುತ್ತದೆ. ತಂತಿಯನ್ನು ಮರಕ್ಕೇ ಬಿಗಿದು ಕಟ್ಟಿದರೆ ಮೊದಲ ಗಾಳಿಗೇ ತುಂಡು. ಮರಕ್ಕೆ ರಾಟೆ ಕಟ್ಟಿ, ಅದರ ಮೇಲೆ ಹಗ್ಗ ಹಾಯಿಸಿ, ತುದಿಗೆ ಕಲ್ಲು ತುಂಬಿದ ಡಬ್ಬ ತೂಗಿಬಿಟ್ಟರೆ ಮರ ಬಾಗಿದಾಗ ಡಬ್ಬ ಮೇಲೇರುತ್ತದೆ, ಸೆಟೆದಾಗ ಇಳಿಯುತ್ತದೆ, ತಂತಿಯ ಬಿಗಿ ಹಾಗೇ ಇರುತ್ತದೆ. ಬಾವಿ ರಾಟೆಯ ಮೇಲೆ ಕೊಡ ಇಳಿಸಿದವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಬ್ರಾಕೆಟ್ಟಿನ ಮೇಲೆ ಕಂಬ ಮೂರು ಮೀಟರ್ ದಾಟುತ್ತದೆ ಎಂದಾದರೆ ಸ್ಟೇ ತಂತಿ ಬೇಕೇ ಬೇಕು. ಮೂರು ದಿಕ್ಕಿಗೆ, ಸಮ ಅಂತರದಲ್ಲಿ ಮೂರು ತಂತಿ. ತಂತಿ ಕಂಬವನ್ನು ಹಿಡಿಯುವ ಎತ್ತರದ ಮುಕ್ಕಾಲು ಪಾಲಿನಷ್ಟಾದರೂ ದೂರದಲ್ಲಿ ಅದರ ಬುಡ ಊರಬೇಕು. ಕಂಬದ ಬುಡಕ್ಕೆ ಹತ್ತಿರ ಕಟ್ಟಿದಷ್ಟೂ ತಂತಿ ಪಕ್ಕಕ್ಕೆ ಹಿಡಿಯುವುದನ್ನು ಬಿಟ್ಟು ಕೆಳಕ್ಕೆ ಜಗ್ಗುತ್ತದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ತಂತಿ ಬಿಸಿಲಿಗೆ ಪುಡಿಯಾಗುತ್ತದೆ, ನೈಲಾನ್ ಹಗ್ಗ ಮಳೆಗೆ ಸಡಿಲವಾಗುತ್ತದೆ. ಮೂರು–ನಾಲ್ಕು ಮಿಲಿಮೀಟರಿನ ಜಿಐ ವೈರ್ ರೋಪು, ಬಿಗಿಮಾಡಲು ಟರ್ನ್‌ಬಕಲ್, ಕುಣಿಕೆಯೊಳಗೆ ತಂತಿ ಮುರಿಯದಂತೆ ಥಿಂಬಲ್, ಒಂದೊಂದು ತುದಿಗೆ ಮೂರು ಕ್ಲಿಪ್ಪು ಬೇಕಾಗುತ್ತವೆ. ಈ ಕ್ಲಿಪ್ಪಿನಲ್ಲೊಂದು ಸೂಕ್ಷ್ಮವಿದೆ. ಅದಕ್ಕೆ ಎರಡು ಮುಖ: ಒಂದು ಕಡೆ ಯು ಬೋಲ್ಟು, ಇನ್ನೊಂದು ಕಡೆ ಹಲ್ಲುಗಳಿರುವ ಅಚ್ಚು. ಅಚ್ಚು ಯಾವಾಗಲೂ ಭಾರ ಹೊರುವ ಉದ್ದದ ತಂತಿಯ ಕಡೆ ಇರಬೇಕು, ಬೋಲ್ಟು ಮಡಚಿದ ಗಿಡ್ಡ ತುಂಡನ್ನು ಒತ್ತಬೇಕು. ತಿರುಗಮುರುಗ ಹಾಕಿದರೆ ಬೋಲ್ಟು ದುಡಿಯುವ ತಂತಿಯನ್ನೇ ಜಜ್ಜಿ ಅಲ್ಲೇ ಬಲ ಕಳೆಯುತ್ತದೆ. ಟರ್ನ್‌ಬಕಲ್ ಬಿಗಿದ ಮೇಲೆ ಅದರ ಹೊಟ್ಟೆಯ ಮೂಲಕ ಒಂದು ತುಂಡು ತಂತಿ ಹಾಯಿಸಿ ಕಟ್ಟಬೇಕು, ಇಲ್ಲವಾದರೆ ಗಾಳಿಯ ನಡುಕಕ್ಕೆ ಅದು ತಾನೇ ಬಿಚ್ಚಿಕೊಳ್ಳುತ್ತದೆ. ವಿದ್ಯುತ್ ಕಂಬದ ಸ್ಟೇ ತಂತಿಯಲ್ಲಿ ಮೊಟ್ಟೆಯಾಕಾರದ ಪಿಂಗಾಣಿ ಇರುವುದನ್ನು ನೋಡಿರುತ್ತೀರಿ. ಆಂಟೆನಾ ಹತ್ತಿರದ ತಂತಿಯಲ್ಲೂ ಅಂಥದೊಂದನ್ನು ಸೇರಿಸಿದರೆ ಉಕ್ಕಿನ ತಂತಿ ರೇಡಿಯೊ ಅಲೆಗಳ ನಡುವೆ ಮೂಗು ತೂರಿಸುವುದು ಕಡಿಮೆಯಾಗುತ್ತದೆ.

ಈಗ ಕಂಬದ ತುದಿಗೆ ಬರೋಣ. ಆಂಟೆನಾ ಕೆಟ್ಟಿತು ಎಂದು ದೂರು ಬಂದಾಗ ಹತ್ತಿಳಿದು ನೋಡಿದರೆ ಬಹುಪಾಲು ಅದು ಕೆಟ್ಟಿರುವುದಿಲ್ಲ, ತಿರುಗಿರುತ್ತದೆ. ಉರುಟು ಕಂಬದ ಮೇಲೆ ನುಣುಪಾದ ಕ್ಲಾಂಪು ಕೂರಿಸಿದರೆ ಗಾಳಿ ಅದನ್ನು ಗಡಿಯಾರದ ಮುಳ್ಳಿನಂತೆ ಸರಿಸುತ್ತದೆ. ಹಲ್ಲುಗಳಿರುವ ಅಚ್ಚು ಕೊಟ್ಟ ಯು ಬೋಲ್ಟು ತೆಗೆದುಕೊಳ್ಳಬೇಕು, ಅದೂ ಒಂದಲ್ಲ, ಹತ್ತು–ಹದಿನೈದು ಸೆಂಟಿಮೀಟರ್ ಅಂತರದಲ್ಲಿ ಎರಡು. ಬಿಗಿಯುವಾಗ ಒಂದು ಬದಿಯ ನಟ್ಟನ್ನು ಪೂರ್ತಿ ತಿರುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗಬಾರದು. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು. ಮುಗಿದಾಗ ಎರಡೂ ಕಾಲುಗಳಲ್ಲಿ ನಟ್ಟಿನಿಂದಾಚೆ ಕಾಣುವ ಎಳೆ ಸಮವಾಗಿರಬೇಕು. ಒಂದು ಕಡೆ ನಾಲ್ಕು ಎಳೆ, ಇನ್ನೊಂದು ಕಡೆ ಹನ್ನೆರಡು ಕಂಡರೆ ಅಚ್ಚು ಓರೆಯಾಗಿ ಕೂತಿದೆ ಎಂದರ್ಥ. ಬಿಚ್ಚಿ ಮತ್ತೆ ಶುರು ಮಾಡುವುದೇ ಸರಿ. ಎಂಟು ಮಿಲಿಮೀಟರ್ ಬೋಲ್ಟಿಗೆ 13ನೇ ನಂಬರಿನ ಸ್ಪ್ಯಾನರ್ ಬೇಕು. ಸ್ಪ್ಯಾನರಿಗೆ ಪೈಪು ತೂರಿಸಿ ಭೀಮಬಲ ತೋರಿಸುವವರು ಅಲ್ಯೂಮಿನಿಯಂ ಕೊಳವೆಯನ್ನು ಚಪ್ಪಟೆ ಮಾಡಿದ ಮೇಲೆ ನಿಲ್ಲಿಸುತ್ತಾರೆ. ಚಪ್ಪಟೆಯಾದ ಕೊಳವೆ ಮುಂದೆ ಅಲ್ಲೇ ಮುರಿಯುತ್ತದೆ. ಸ್ಪ್ರಿಂಗ್ ವಾಷರಿನ ಬಾಯಿ ಮುಚ್ಚಿದ ಮೇಲೆ ಕಾಲು ಸುತ್ತು ಸಾಕು. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಸಿಕ್ಕರೆ ಇನ್ನೂ ನೆಮ್ಮದಿ. ಕರಾವಳಿಯಲ್ಲಿ ಉಪ್ಪು ಗಾಳಿಗೆ ಸ್ಟೀಲು ಕೂಡ ಕಂದುತ್ತದೆ. ಅಲ್ಲಿ 304ರ ಬದಲು 316 ದರ್ಜೆಯ ಸ್ಟೀಲು ಕೇಳಿ ತರಬೇಕು.

ಮಾತನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ನೆಲದ ರಿಪೀಟರುಗಳ ಜೊತೆ ಮಾತಾಡಲು ಯಾಗಿಯ ಕಡ್ಡಿಗಳು ಲಂಬವಾಗಿರಬೇಕು. ಆಗ ಕಬ್ಬಿಣದ ಕಂಬವೂ ಅವುಗಳ ಪಕ್ಕದಲ್ಲಿ ಲಂಬವಾಗಿ ನಿಂತು ತಾನೂ ಒಂದು ಕಡ್ಡಿಯಂತೆ ವರ್ತಿಸಿ ಆಂಟೆನಾದ ದಿಕ್ಕನ್ನೇ ಕೆಡಿಸುತ್ತದೆ. ಆಂಟೆನಾವನ್ನು ಹಿಂದಿನ ಕಡ್ಡಿಯ ಆಚೆಯಿಂದ ಹಿಡಿಯಬೇಕು, ಇಲ್ಲವೇ ಕಂಬದ ಮೇಲಿನ ಒಂದೂವರೆ ಮೀಟರನ್ನು ಫೈಬರ್ ಗ್ಲಾಸ್ ಕೊಳವೆಯಿಂದ ಮಾಡಬೇಕು. ಕಂಬದ ಬಾಯಿಗೆ ಮುಚ್ಚಳ, ಬುಡದಲ್ಲಿ ನೀರಿಳಿಯಲು ಸಣ್ಣ ತೂತು ಇರಲಿ. ಬಾಯಿ ತೆರೆದ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಇಲ್ಲವೇ ಕಣಜಗಳಿಗೆ ಮನೆಯಾಗುತ್ತದೆ, ರಾತ್ರಿ ಹೊತ್ತು ಕೊಳಲೂ ಊದುತ್ತದೆ.

ಕೇಬಲ್ ವಿಷಯದಲ್ಲಿ ಜಿಪುಣತನ ದುಬಾರಿ. ತೆಳ್ಳಗಿನ ಆರ್‌ಜಿ–58 ಕೇಬಲ್ 20 ಮೀಟರ್ ಉದ್ದಕ್ಕೆ, ಈ ಪಟ್ಟಿಯಲ್ಲಿ, ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. ಕಿರುಬೆರಳಿನ ದಪ್ಪದ ಆರ್‌ಜಿ–213 ನುಂಗುವುದು ಸುಮಾರು ಮೂರನೇ ಒಂದು ಪಾಲು. ಆದರೆ ದಪ್ಪ ಕೇಬಲ್ ಭಾರ. ಆ ಭಾರ ಕನೆಕ್ಟರಿನ ಕುತ್ತಿಗೆಗೆ ಜೋತುಬೀಳದಂತೆ ಮೇಲಿನಿಂದಲೇ ಕಂಬಕ್ಕೆ ಅಲ್ಲಲ್ಲಿ ಕಟ್ಟುತ್ತ ಬರಬೇಕು, ಕಪ್ಪು ಬಣ್ಣದ ಟೈಗಳಿಂದ. ಬಿಳಿಯವು ಒಂದೆರಡು ಬೇಸಿಗೆಗೆ ಗರಿಗರಿಯಾಗಿ ಉದುರುತ್ತವೆ. ಎಳೆದು ಸುತ್ತಿದರೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕನೆಕ್ಟರಿಗೆ ಸುತ್ತಬೇಕು, ಹೆಂಚು ಹೊದಿಸುವಂತೆ ಕೆಳಗಿನಿಂದ ಮೇಲಕ್ಕೆ. ಒಂದೊಂದು ಸುತ್ತೂ ಕೆಳಗಿನದನ್ನು ಮುಚ್ಚಿದರೆ ನೀರು ಒಳಗೆ ನುಗ್ಗದೆ ಜಾರುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಅಂಟು ತಾಮ್ರವನ್ನು ತಿನ್ನುತ್ತದೆ, ಅದು ಸ್ನಾನದ ಮನೆಯಲ್ಲೇ ಇರಲಿ. ಕಿಟಕಿಯೊಳಗೆ ನುಗ್ಗುವ ಮುನ್ನ ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮೇಲೇರಿದರೆ ಮಳೆಹನಿ ಆ ತಗ್ಗಿನಲ್ಲೇ ಉದುರಿಹೋಗುತ್ತದೆ.

ಏರಿಸುವ ದಿನದ ಮೊದಲ ಕೆಲಸ ಕತ್ತೆತ್ತಿ ನೋಡುವುದು. ಮನೆಯ ಮುಂದಿನ 11 ಸಾವಿರ ವೋಲ್ಟಿನ ತಂತಿಗೆ ಸಾಮಾನ್ಯವಾಗಿ ಯಾವ ಹೊದಿಕೆಯೂ ಇರುವುದಿಲ್ಲ. ಕಂಬ, ಆಂಟೆನಾ ಸೇರಿದ ಒಟ್ಟು ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಎಲ್ಲಿಯೂ ವಿದ್ಯುತ್ ತಂತಿ ಇರಬಾರದು. ಎತ್ತುವಾಗ ಕೈಜಾರಿ ಯಾವ ಕಡೆ ಬಿದ್ದರೂ ತಗಲಬಾರದು. ಅಷ್ಟು ದೂರ ಇಲ್ಲವೆಂದರೆ ಜಾಗ ಬದಲಿಸಬೇಕು ಅಥವಾ ಕಂಬ ಗಿಡ್ಡ ಮಾಡಬೇಕು. ‘ಹುಷಾರಾಗಿ ಎತ್ತಿದರಾಯಿತು’ ಎಂಬುದು ಮೂರನೇ ದಾರಿಯಲ್ಲ. ವಿಮಾನ ನಿಲ್ದಾಣದ ಹತ್ತಿರ ಇರುವವರು ಎತ್ತರದ ಅನುಮತಿಯನ್ನು ಮೊದಲೇ ವಿಚಾರಿಸಬೇಕು. ಎತ್ತಲು ಕನಿಷ್ಠ ಇಬ್ಬರು, ಗಾಳಿಯಿಲ್ಲದ ಬೆಳಗಿನ ಹೊತ್ತು, ಅಲ್ಯೂಮಿನಿಯಂ ಏಣಿಯ ಬದಲು ಮರದ್ದು ಅಥವಾ ಫೈಬರಿನದು. ಆಂಟೆನಾದ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ಹಿಂದಿರುಗುತ್ತದೆ ಎಂದು ತಿಳಿಸುವ ಅಳತೆ) ಅನ್ನು ಎದೆಯೆತ್ತರದಲ್ಲೇ ಒಮ್ಮೆ ನೋಡಿಕೊಂಡರೆ, ಮೇಲೆ ಕೂರಿಸಿದ ನಂತರ ಮತ್ತೆ ಇಳಿಸುವ ಪಾಡು ತಪ್ಪುತ್ತದೆ.

ಏಪ್ರಿಲ್ ಕೊನೆಯ ಭರಣಿ ಮಳೆ ಬರಿಗೈಲಿ ಬರುವುದಿಲ್ಲ, ಗುಡುಗು ಸಿಡಿಲನ್ನೂ ಕರೆತರುತ್ತದೆ. ಕಂಬದ ಬುಡದಿಂದ 16 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿ, ಆದಷ್ಟು ನೇರವಾಗಿ, ಚೂಪು ತಿರುವಿಲ್ಲದೆ ಭೂಮಿಗೆ ಇಳಿಯಬೇಕು. ಆ ಅರ್ತಿಂಗ್ ಗುಂಡಿ ಮನೆಯ ವಿದ್ಯುತ್ತಿನ ಅರ್ತಿಂಗಿನ ಜೊತೆ ಜೋಡಿಕೊಂಡಿರಬೇಕು. ಎರಡೂ ಬೇರೆ ಬೇರೆ ಇದ್ದರೆ ಸಿಡಿಲಿನ ಹೊತ್ತಿನಲ್ಲಿ ಅವುಗಳ ನಡುವಿನ ವೋಲ್ಟೇಜು ರೇಡಿಯೊ ಪೆಟ್ಟಿಗೆಯ ಮೂಲಕ ದಾರಿ ಹುಡುಕುತ್ತದೆ. ಈ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಬೇಕು. ಗುಡುಗು ದೂರದಲ್ಲಿ ಕೇಳುತ್ತಿರುವಾಗಲೇ ಕೇಬಲ್ ಕಳಚಿ ಕಿಟಕಿಯಿಂದಾಚೆ ಬಿಡುವುದು ಅಭ್ಯಾಸವಾಗಬೇಕು. ತಲೆಯ ಮೇಲೆ ಗುಡುಗತೊಡಗಿದ ಮೇಲೆ ಅದನ್ನು ಮುಟ್ಟಬಾರದು.

ಭರಣಿಯ ಗಾಳಿ ಹತ್ತು ನಿಮಿಷ ಬಡಿದು ಮುರಿಯುವುದಿದ್ದರೆ ಮುರಿದು ಹೋಗುತ್ತದೆ. ಆಷಾಢದ ಗಾಳಿಯ ರೀತಿ ಬೇರೆ. ವಾರಗಟ್ಟಲೆ ಪಡುವಣದಿಂದ ಒಂದೇ ಸಮನೆ ಬೀಸಿ, ಕಂಬವನ್ನು ಸಣ್ಣಗೆ ನಡುಗಿಸುತ್ತ, ಏನನ್ನೂ ಮುರಿಯದೆ ಒಂದೊಂದೇ ನಟ್ಟನ್ನು ಸಡಿಲಿಸುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿದು ಮೇಲೆ ಹತ್ತುವುದಕ್ಕೆ ವರ್ಷದಲ್ಲಿ ಎರಡು ದಿನ ಗೊತ್ತುಮಾಡಿಕೊಳ್ಳಬೇಕು: ಶಿವರಾತ್ರಿ ಕಳೆದ ಮೇಲೊಮ್ಮೆ, ದೀಪಾವಳಿಯ ಆಸುಪಾಸಿನಲ್ಲೊಮ್ಮೆ. ನಡುವೆ ಏಣಿ ಹತ್ತದೆ ತಿಳಿಯಲು ಒಂದು ಉಪಾಯವಿದೆ. ಬಿಗಿದ ದಿನವೇ ನಟ್ಟು, ವಾಷರು, ಅಚ್ಚು ಮೂರರ ಮೇಲೂ ಹಾಯುವಂತೆ ಕೆಂಪು ನೈಲ್ ಪಾಲಿಶಿನ ಒಂದು ಗೀಟು ಎಳೆದಿಡುವುದು. ಕಂಬಕ್ಕೂ ಕ್ಲಾಂಪಿಗೂ ಸೇರಿ ಇನ್ನೊಂದು. ಗಾಳಿಯ ರಾತ್ರಿ ಕಳೆದು ಬೆಳಿಗ್ಗೆ ಮೆಟ್ಟಿಲ ಕೋಣೆಯ ಬಾಗಿಲಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದರೆ ಗೀಟು ಒಂದೇ ಇದೆಯೋ, ಎರಡಾಗಿ ಸರಿದಿದೆಯೋ ಕಾಣುತ್ತದೆ.